ದೊಡ್ಡಮ್ಮ ತೊಳೆದ ಕಲ್ಲು

ಹೆಬ್ಬಾಳದ ಆ ಸಣ್ಣ ಆಫೀಸಿನಲ್ಲಿ ನನ್ನ ಕೆಲಸ ನಿಯಮ ಬರೆಯುವುದು. ಊರೂರಿನ ಶಾಸನ, ವೀರಗಲ್ಲುಗಳ ವಿವರವನ್ನು ಕಂಪ್ಯೂಟರಿಗೆ ಸೇರಿಸುವ ಯೋಜನೆ ಅದು. ಪ್ರತಿ ಕಲ್ಲಿಗೂ ಒಂದು ಎಕ್ಸ್‌ಎಂಎಲ್ ಫೈಲು. ಅದರಲ್ಲಿ ಯಾವುದು ಮೊದಲು ಬರಬೇಕು, ಯಾವುದು ಇರಲೇಬೇಕು, ಯಾವುದು ಇಲ್ಲದಿದ್ದರೂ ನಡೆಯುತ್ತದೆ ಎಂದು ಹೇಳುವ ಕಟ್ಟುಪಾಡಿಗೆ ಸ್ಕೀಮಾ ಎನ್ನುತ್ತಾರೆ. ಎಡಿಟರ್ ಎಂಬ ತಂತ್ರಾಂಶದಲ್ಲಿ ಒಂದೊಂದು ವಿವರಕ್ಕೂ ಒಂದೊಂದು ಚೌಕ ಇಟ್ಟು ಗೆರೆಯಿಂದ ಜೋಡಿಸುತ್ತಾ ಅದನ್ನು ಕಟ್ಟುತ್ತಿದ್ದೆ. ಆಮೇಲೆ ಫೈಲು ತೆರೆದು ಬಟನ್ ಒತ್ತಿದರೆ, ಸರಿಯಿದ್ದರೆ ಹಸಿರು ಗುರುತು, ತಪ್ಪಿದ್ದರೆ ಕೆಂಪು. ಮುಲಾಜಿಲ್ಲದ ಆ ಎಡಿಟರ್ ನನಗೆ ಬಹಳ ಹಿಡಿಸಿತ್ತು. ಮನುಷ್ಯರ ಹಾಗೆ ‘ನೋಡೋಣ’ ಎಂದು ಸತಾಯಿಸುತ್ತಿರಲಿಲ್ಲ.

ಆಗ ರಾಜಾನುಕುಂಟೆಯ ಹತ್ತಿರ ದೊಡ್ಡಮ್ಮನ ಹೊಲದಲ್ಲಿ ಲೇಔಟ್ ಏಳುತ್ತಿತ್ತು. ದೊಡ್ಡಮ್ಮನ ಮಗ, ನನಗೆ ಅಣ್ಣ, ಪಾಲುದಾರರ ಜೊತೆ ಸೇರಿ ಸೈಟು ಮಾಡಿಸುತ್ತಿದ್ದ. ನಕ್ಷೆಯಲ್ಲಿ ರಸ್ತೆ ಹಾದುಹೋಗುವ ಕಡೆಯೇ, ಹುಣಸೆ ಮರದ ಕೆಳಗೆ, ಮನೆಯವರೆಲ್ಲ ಅಪ್ಪಯ್ಯ ಎಂದು ಪೂಜಿಸುವ ಕಲ್ಲು. ಹಚ್ಚಿದ್ದನ್ನು ತೆಗೆಯಬಾರದು, ಅದರ ಮೇಲೇ ಹಚ್ಚಬೇಕು ಎನ್ನುವುದು ಪದ್ಧತಿ. ತಲೆಮಾರುಗಳ ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಮೆತ್ತಿ ಕಲ್ಲು ದಪ್ಪ ಕಟ್ಟಿತ್ತು. ಸೊಸೆಯಾಗಿ ಬಂದಂದಿನಿಂದ ದೊಡ್ಡಮ್ಮ ಸೋಮವಾರದ ದೀಪ ತಪ್ಪಿಸಿರಲಿಲ್ಲ.

ಅಣ್ಣ ಕೆಟ್ಟವನಲ್ಲ. “ಏನಾದ್ರೂ ದಾಖಲೆ ಇದ್ರೆ ತೋರ್ಸು. ಪಾರ್ಟ್‌ನರ್‌ಗಳನ್ನ ಒಪ್ಸಿ ರಸ್ತೆ ಪಕ್ಕಕ್ಕೆ ತಿರುಗಿಸ್ತೀನಿ. ಬರೀ ನಮ್ಮಮ್ಮನ ದೇವ್ರು ಅಂದ್ರೆ ಯಾರ್ ಕೇಳ್ತಾರೆ?” ಎಂದ.

ದಾಖಲೆ ಮಾಡುವವಳೇ ನಾನು. ಅಳತೆ, ಫೋಟೊ ತಂದು ಫೈಲು ಮಾಡಿ ಬಟನ್ ಒತ್ತಿದೆ. ಕೆಂಪು. ಕಲ್ಲಿನ ಮೇಲಿನ ಬರಹ ಒಂದು ಸಾಲಾದರೂ ಇರಲೇಬೇಕು ಎಂಬುದು ಸ್ಕೀಮಾದ ನಿಯಮ, ನನ್ನದು ಖಾಲಿ. ಪಕ್ಕದ ಸೀಟಿನವಳು ಬಗ್ಗಿ ನೋಡಿ, “ಒಂದು ಚುಕ್ಕಿ ಇಟ್ಬಿಡ್ರೀ, ಗ್ರೀನ್ ಆಗತ್ತೆ. ನಾವೆಲ್ಲ ಹಂಗೇ ಮಾಡೋದು” ಎಂದಳು. ಹುಡುಕಿದರೆ ನಿಜ, ಎಷ್ಟೋ ಕಲ್ಲುಗಳ ಬರಹದ ಜಾಗದಲ್ಲಿ ಬರೀ ಒಂದು ಚುಕ್ಕಿ ಕೂತಿತ್ತು. ಅಂಥ ಸುಳ್ಳು ದಾಖಲೆ ನನಗೆ ಬೇಡವಾಗಿತ್ತು. ಯೋಜನೆಯ ಮುಖ್ಯಸ್ಥರ ಬಳಿ ಹೋಗಿ ನಿಯಮ ಸಡಿಲಿಸೋಣ ಎಂದೆ.

“ಅಕ್ಷರ ಇಲ್ದಿರೋದನ್ನೆಲ್ಲ ಸೇರಿಸ್ತಾ ಹೋದ್ರೆ ಒರಳುಕಲ್ಲೂ ಬರತ್ತೆ ಕಣ್ರೀ. ಯೋಚ್ನೆ ಮಾಡ್ತೀನಿ, ಸ್ವಲ್ಪ ಟೈಮ್ ಕೊಡಿ” ಎಂದರು.

ಟೈಮ್ ಎಲ್ಲಿತ್ತು? ಜೆಸಿಬಿ ಆಗಲೇ ಹೊಲಕ್ಕೆ ಬಂದಿತ್ತು. ದೊಡ್ಡಮ್ಮನಿಗೆ ಎಲ್ಲ ತಿಳಿಸಿದೆ. “ಅಕ್ಸರ ಇದ್ರೆ ಅಪ್ಪಯ್ಯ ಉಳ್ಕತಾನಾ?” ಎಂದಷ್ಟೇ ಕೇಳಿದರು. ಮೆತ್ತಿದ್ದರ ಒಳಗೆ ಬರಹವಿದೆ ಎಂದು ಅವರ ಅತ್ತೆ ಹೇಳಿದ್ದರಂತೆ.

ಆ ಭಾನುವಾರ ಹೋದಾಗ ದೊಡ್ಡಮ್ಮ ಬಿಸಿನೀರು, ಸೀಗೆಪುಡಿ, ತೆಂಗಿನ ನಾರು ಇಟ್ಟುಕೊಂಡು ಕಲ್ಲಿನ ಮುಂದೆ ಕೂತಿದ್ದರು. ಬೇಡವೆಂದರೂ ಕೇಳಲಿಲ್ಲ. ಜಿಡ್ಡು ಮೊದಲು ಕಪ್ಪಾಗಿ, ಆಮೇಲೆ ಕೆಂಪಾಗಿ ಇಳಿಯಿತು. ಮಗುವಿಗೆ ನೀರೆರೆಯುವ ಹಾಗೆ ಒಂದು ಕೈಯನ್ನು ಕಲ್ಲಿನ ಹಿಂದೆ ಇಟ್ಟುಕೊಂಡೇ ಉಜ್ಜಿದರು. ಕೊನೆಗೆ ಕಂಡದ್ದು ಕತ್ತಿ ಹಿಡಿದ ಒಬ್ಬ ಮನುಷ್ಯ, ಅವನ ಕಾಲ ಬಳಿ ಒಂದು ಹಸು. ಅಕ್ಷರ ಒಂದೂ ಇಲ್ಲ.

“ನೀನ್ ಓದಿದೋಳು, ಸರ್ಯಾಗ್ ನೋಡು ಮಗಾ” ಎಂದರು.

ಬೆರಳಾಡಿಸಿ ನೋಡಿದೆ. ಇರಲಿಲ್ಲ. ಅವರ ಮುಖ ನೋಡಲಾಗದೆ ಚೊಂಬು ಎತ್ತಿಕೊಂಡು ನೀರಿಗೆ ಹೋದೆ.

ಮರುದಿನ ತೊಳೆದ ಕಲ್ಲಿನ ಫೋಟೊವನ್ನೂ ಚುಕ್ಕಿ ಇಟ್ಟ ಫೈಲುಗಳನ್ನೂ ಮುಖ್ಯಸ್ಥರಿಗೆ ತೋರಿಸಿದೆ. “ದನ ಉಳಿಸೋಕೆ ಸತ್ತವನ ವೀರಗಲ್ಲು ಕಣ್ರೀ ಇದು. ನಿಯಮ ಸಡಿಲ ಮಾಡಿ” ಎಂದರು. ಬರಹದ ಚೌಕ ಒತ್ತಿ, ‘ಕನಿಷ್ಠ ಒಂದು’ ಎಂದಿದ್ದಲ್ಲಿ ಸೊನ್ನೆ ಮಾಡಿದೆ. ಚೌಕದ ಗಟ್ಟಿ ಗೆರೆ ತುಂಡು ತುಂಡಾಯಿತು, ಅಂದರೆ ಇನ್ನು ಬರಹ ಇಲ್ಲದಿದ್ದರೂ ನಡೆಯುತ್ತದೆ. ಅಷ್ಟೇ ಕೆಲಸ. ಫೈಲಿಗೆ ಹಸಿರು ಬಿತ್ತು.

ರಸ್ತೆ ತಿರುಗಿತು. ಅಣ್ಣ ಕಲ್ಲಿನ ಸುತ್ತ ಕಟ್ಟೆಯನ್ನೂ ಕಟ್ಟಿಸಿದ. ಮುಂದೊಂದು ಸೋಮವಾರ ಸಂಜೆ ಹೋದರೆ ದೊಡ್ಡಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ದೀಪದ ಹೊತ್ತು ಮೀರುತ್ತಿತ್ತು.

“ಹೋಗಲ್ವಾ ದೊಡ್ಡಮ್ಮ?”

“ಎಂಗ್ ಓಗ್ಲಿ ಮಗಾ? ನಮ್ಮತ್ತೆ, ಅವರತ್ತೆ ಉಡಿಸಿದ್ದನ್ನ ನನ್ ಕೈಯಾರೆ ಬಿಚ್ಚಿದೀನಿ. ಯಾವ್ ಮುಖ ಇಟ್ಕೊಂಡ್ ಓಗ್ಲಿ? ಉಳ್ಕಂಡನಲ್ಲ, ಸಾಕು. ಇನ್ಮೇಲೆ ನೀವ್ ನೋಡ್ಕಳಿ.”

ಎಣ್ಣೆಯ ಗಿಂಡಿಯನ್ನು ನನ್ನ ಕಡೆ ಸರಿಸಿದರು. ಹೋಗಿ ದೀಪ ಹಚ್ಚಿದೆ. ಮೆತ್ತಿದ್ದೆಲ್ಲ ಹೋದ ಬರಿಗಲ್ಲಿಗೆ ಎಣ್ಣೆ ಸವರಿದರೆ ನಿಲ್ಲಲಿಲ್ಲ. ಇಳಿದು ಕಟ್ಟೆಯ ಹೊಸ ಸಿಮೆಂಟಿಗೆ ಸೇರಿತು.