ವೈನಿ ಕಂಪ್ಯೂಟರಿಗೆ ಹಿಡಿಸಿದ ಪಥ್ಯ

ವೈನಿಯ ಅಂಗೈ ನಮ್ಮ ಮನೆಯ ದೋಸೆಕಲ್ಲಿಗಿಂತ ಗಟ್ಟಿ. ಜೋಳದ ರೊಟ್ಟಿ ತಟ್ಟಿ ತಟ್ಟಿ ಗಡಸಾದ ಆ ಕೈ ಕೀಬೋರ್ಡಿನ ಮೇಲೂ ಒತ್ತುತ್ತಿರಲಿಲ್ಲ, ತಟ್ಟುತ್ತಿತ್ತು. ಡೊಂಬಿವಲಿ ಪೂರ್ವದ ಬಿಲ್ಡಿಂಗಿನಲ್ಲಿ ನಮಗೂ ಅವರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಚೆಯಿಂದ ಸದ್ದು ಬಂದರೆ ಅಮ್ಮ ಕಿವಿಗೊಟ್ಟು, "ರೊಟ್ಟಿಯಾ, ಮದುವೆ ಕಾಗದವಾ?" ಎನ್ನುತ್ತಿದ್ದರು.

ವಿಜಯಪುರದ ಕಡೆಯವರು. ಗಂಡ ಶಹಾಡಿನ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕಿದ್ದರು. ಅಕ್ಕಪಕ್ಕದ ಮರಾಠಿಯವರಿಗೆ ವಹಿನಿ, ಅಂದರೆ ಅತ್ತಿಗೆ; ನಮಗೆ ವೈನಿ. ಠಾಣೆಯಿಂದ ಕಲ್ಯಾಣದವರೆಗೆ ಕನ್ನಡದವರ ಮನೆಯಲ್ಲಿ ಮದುವೆಯಾಗಲಿ, ಹದಿಮೂರನೆಯ ದಿನವಾಗಲಿ, ಕಾಗದದ ಅಕ್ಷರ ಜೋಡಿಸುತ್ತಿದ್ದವರು ಇವರೇ. ನಾವು ಕುಂದಾಪುರದ ಕಡೆಯ ಹೋಟೆಲಿನವರು. ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಜ್ಜಿಯ ಬಾಯಿಂದ ಕಿವಿಗೆ ಬಂದದ್ದಷ್ಟೇ. ನಾನು ಠಾಣೆಯ ಆಫೀಸಿಗೆ ಹೋಗಿಬರಲು ತೊಡಗಿದ ಮೇಲೆ, ಭಾನುವಾರಗಳಲ್ಲಿ ವೈನಿ ನನ್ನನ್ನು ಕೂರಿಸಿ ಪ್ರೂಫ್ ಓದಿಸಿದರು. ಕಾಗದ ನನ್ನ ಕೈಯಲ್ಲಿ, ಪರದೆ ಅವರ ಕಣ್ಣಲ್ಲಿ. ತಡವರಿಸಿದರೆ, "ಅಕ್ಷರ ಕಚ್ಚೂದಿಲ್ಲ, ಓದು" ಎನ್ನುತ್ತಿದ್ದರು.

ಇಂಥ ವೈನಿಗೆ ಒಂದು ಗುಣವಿತ್ತು. ಕ್ಷಮಿಸುತ್ತಿರಲಿಲ್ಲ. ಸ್ಟೇಷನ್ ಹತ್ತಿರದ ಭಾಜಿವಾಲ ಒಮ್ಮೆ ಕೊಳೆತ ಮೆಂತ್ಯದ ಕಟ್ಟು ಕೊಟ್ಟ. ವೈನಿ ಜಗಳವಾಡಲಿಲ್ಲ. ವಾರವಿಡೀ ಸಂಜೆ ಅವನ ಗಾಡಿಯ ಪಕ್ಕ ನಿಂತು, ಬಂದವರಿಗೆಲ್ಲ ನಗುನಗುತ್ತಾ, ಮೂಸಿ ನೋಡಿ ತಗೊಳ್ಳಿ ಎಂದು ಮರಾಠಿಯಲ್ಲಿ ಹೇಳಿದರು, ಅಷ್ಟೇ. ಕೊನೆಗೆ ಅವನೇ ಕೈ ಮುಗಿದ. ಒಮ್ಮೆ ಬೈದು ಬಿಡಬಾರದಿತ್ತೇ ಎಂದು ನಾನು ಕೇಳಿದ್ದಕ್ಕೆ ಅವರೆಂದದ್ದು: "ಬೈದರ ಎರಡ ದಿನದಾಗ ಮರೀತಾನ. ನೆನಪಿರೋ ಹಂಗ ಮಾಡಬೇಕು."

ಆ ವಿದ್ಯೆಯೆಲ್ಲ ಒಟ್ಟಾಗಿ ಬಿದ್ದದ್ದು ಪ್ರೆಸ್ಸಿನ ಸೇಟರ ಮೇಲೆ. ಕಲ್ಯಾಣದಲ್ಲಿ ಅವರ ಪ್ರೆಸ್ಸು. ವೈನಿ ಜೋಡಿಸಿದ್ದನ್ನು ಅವರು ಅಚ್ಚು ಹಾಕುತ್ತಿದ್ದರು. ವೈನಿಗೆ ಕಂಪ್ಯೂಟರ್ ಕೊಡಿಸಿದ್ದೂ ಅವರೇ, ಘೋಡಬಂದರ್ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ತಮ್ಮ ಅಳಿಯನಿಂದ. ನಮ್ಮ ಕನ್ನಡ ಸಂಘದ ನೆನಪಿನ ಸಂಚಿಕೆಯ ಕೆಲಸ ಬಂದಾಗ, ದೊಡ್ಡ ಕೆಲಸಕ್ಕೆ ಇರಲಿ ಎಂದು ಅಳಿಯ ಬಂದು ಒಳಗೆ ಇನ್ನೊಂದು ಮೆಮೊರಿ ಪಟ್ಟಿ ಸಿಕ್ಕಿಸಿ ಹೋದ. ಪುಕ್ಕಟೆ, ಮಾವನ ಮರ್ಯಾದೆಗೆ.

ಕಷ್ಟ ಶುರುವಾದದ್ದು ಆಮೇಲೆ. ಕುಕ್ಕರ್ ಕೂಗಿದರೆ, ನೀರು ಬಂದರೆ, ವೈನಿ 'ಸ್ಲೀಪ್' ಒತ್ತಿ ಕಂಪ್ಯೂಟರನ್ನು ಮಲಗಿಸಿ ಏಳುತ್ತಿದ್ದರು. ಪ್ರತಿ ಸಲ ಪೂರ್ತಿ ಬಂದ್ ಮಾಡಿ ಮತ್ತೆ ತೆರೆಯಲು ಪುರುಸೊತ್ತೆಲ್ಲಿ? ಕೆಲಸ ಮುಗಿಸಿ ಬಂದು ಎಬ್ಬಿಸಿದರೆ ಪರದೆ ನೀಲಿ. ಮಷೀನು ಸತ್ತು ಮತ್ತೆ ಹುಟ್ಟಬೇಕು. ಜೋಡಿಸಿದ ಪುಟ ಕೆಲವೊಮ್ಮೆ ಇರುತ್ತಿತ್ತು, ಕೆಲವೊಮ್ಮೆ ಅಕ್ಷರವೆಲ್ಲ ಚೌಕಳಿಯಾಗಿ ಕೂತಿರುತ್ತಿತ್ತು. ಸಂಚಿಕೆ ತಡವಾಯಿತು.

ಸಂಘದ ಸಭೆಯಲ್ಲಿ ಕಾರ್ಯದರ್ಶಿ ಕಾರಣ ಕೇಳಿದರು. ವೈನಿ ಬಾಯಿ ತೆರೆಯುವ ಮೊದಲೇ ಸೇಟರು ಕುರ್ಚಿಗೆ ಒರಗಿ, "ಮಷೀನು ಸರಿಯೇ ಉಂಟು ಮಾರಾಯ್ರೆ. ನಿದ್ದೆ ಅದಕ್ಕಲ್ಲ, ವೈನಿಗೆ" ಎಂದರು. ಎಲ್ಲರೂ ನಕ್ಕರು. ಉಳಿದ ಪುಟಗಳು ಅಳಿಯನ ಅಂಗಡಿಗೆ ಹೋದವು. ಗಂಡನ ಮೊದಲ ಪಾಳಿಗೆ ಡಬ್ಬಿ ಕಟ್ಟಲು ಕಾಗೆಗಿಂತ ಮೊದಲೇ ಏಳುತ್ತಿದ್ದ ಹೆಂಗಸು ಅವರು. ಆ ವಾರವೇ ಎರಡು ಮದುವೆಯವರು ಕಾಗದ ಬೇರೆ ಕಡೆ ಕೊಟ್ಟರು. ರೈಲಿನಲ್ಲಿ ಹೆಂಗಸರ ಡಬ್ಬಿಯಲ್ಲೂ, ನಿದ್ದೆ ಆಯ್ತಾ ವೈನಿ ಎಂದು ಯಾರೋ ಕೇಳಿದರಂತೆ.

"ಆ ಮಾತು ತಪ್ಪಾತಂತ ಅವನ ಬಾಯಿಂದನ ಹೇಳಸ್ತೀನಿ," ಎಂದರು ನನ್ನ ಹತ್ತಿರ. "ನಾಕ ಮಂದಿ ಮುಂದ ಅಂದಾನ, ನಾಕ ಮಂದಿ ಮುಂದನ ಹೇಳಬೇಕು."

ಮೊದಲು ಸ್ಟೇಷನ್ ರಸ್ತೆಯ ರಿಪೇರಿಯವನು ಬಂದು ವಿಂಡೋಸ್ ಹೊಸದಾಗಿ ಹಾಕಿಕೊಟ್ಟ. ಮಲಗಿಸಿ ಎಬ್ಬಿಸಿದರೆ ಮತ್ತೆ ನೀಲಿ. "ಜ್ವರ ಬಂದ ಕೂಸಿಗೆ ಹೊಸ ಅಂಗಿ ತೊಡಿಸಿಧಂಗ ಆತು," ಎಂದು ವೈನಿ ಅವನನ್ನು ಕಳಿಸಿಕೊಟ್ಟರು. ಆಮೇಲೆ ತಾವೇ ಕೂತರು. ಅವರ ಮಗನಿಗೆ ಸಣ್ಣಂದಿನಲ್ಲಿ ಯಾವುದು ತಿಂದರೂ ಹೊಟ್ಟೆ ಕೆಡುತ್ತಿತ್ತಂತೆ. ಎಲ್ಲ ಬಿಡಿಸಿ, ಬರೀ ಗಂಜಿಯ ಮೇಲಿಟ್ಟು, ಆಮೇಲೆ ಒಂದೊಂದೇ ಪದಾರ್ಥ ಕೊಟ್ಟು, ಆಗದ್ದು ಯಾವುದೆಂದು ಹಿಡಿದಿದ್ದರಂತೆ. ಕಂಪ್ಯೂಟರಿಗೂ ಅದೇ ಪಥ್ಯ. ಪ್ರಿಂಟರ್ ಬಿಚ್ಚಿ ಮಲಗಿಸಿದರು, ಎಬ್ಬಿಸಿದರು. ನೀಲಿ. ಸ್ಕ್ಯಾನರ್ ಬಿಚ್ಚಿದರು, ಸ್ಪೀಕರ್ ತೆಗೆದರು. ನೀಲಿ. ಸಾರಿಗೆ ಒಗ್ಗರಣೆ ಹಾಕಿ ಬಂದು ಎಬ್ಬಿಸುವುದು, ಬಟ್ಟೆ ಹರವಿ ಬಂದು ಎಬ್ಬಿಸುವುದು. ಹೊರಗಿನದೆಲ್ಲ ಮುಗಿದ ಮೇಲೆ ನನ್ನನ್ನು ಕರೆದು ಪೆಟ್ಟಿಗೆ ತೆರೆಸಿ, ಅಳಿಯ ಸಿಕ್ಕಿಸಿದ್ದ ಮೆಮೊರಿ ಪಟ್ಟಿಯನ್ನು ತೆಗೆಸಿದರು.

ಎದ್ದಿತು. ಬಿಟ್ಟ ಸಾಲಿನಲ್ಲೇ, ಬಿಟ್ಟ ಅಕ್ಷರದಲ್ಲೇ ಎದ್ದಿತು. ವೈನಿ ನಂಬಲಿಲ್ಲ. ಆ ಪಟ್ಟಿಯನ್ನು ಮತ್ತೆ ಹಾಕಿಸಿದರು: ನೀಲಿ. ತೆಗೆಸಿದರು: ಎದ್ದಿತು. ಕಂಪ್ಯೂಟರ್ ಮಲಗುವಾಗ ಕೈಯಲ್ಲಿದ್ದುದನ್ನೆಲ್ಲ ಮೆಮೊರಿಯ ಮಡಿಲಿಗೆ ಹಾಕಿ ಮಲಗುತ್ತದೆ, ಈ ಪಟ್ಟಿಯ ಮಡಿಲು ತೂತು ಎಂದು ನಾನು ವಿವರಿಸುತ್ತಿದ್ದೆ. ವೈನಿ ಕೇಳುತ್ತಿರಲಿಲ್ಲ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅದರ ಮೂಲೆಯಲ್ಲೊಂದು ಕೆಂಪು ಚುಕ್ಕೆ.

ಆ ಚುಕ್ಕೆ ಸಂಘದವರಿಗೆಲ್ಲ ಗೊತ್ತು. ಸಂಘದ ಸಾಮಾನು ಕಳವಾಗುತ್ತದೆಂದು ಕಾರ್ಯದರ್ಶಿ ಹೆಂಡತಿಯ ಉಗುರುಬಣ್ಣದಿಂದ ಸ್ಟೀಲ್ ಲೋಟ, ಮಡಿಸುವ ಕುರ್ಚಿ, ಜಮಖಾನೆಗಳಿಗೆ, ಕೊನೆಗೆ ಸಂಘದ ಆಫೀಸಿನ ಕಂಪ್ಯೂಟರ್ ತೆರೆಸಿ ಅದರ ಒಳಗಿನ ಭಾಗಗಳಿಗೂ ಚುಕ್ಕೆ ಇಟ್ಟಿದ್ದರು. ಆ ಕಂಪ್ಯೂಟರೂ ಮಲಗಿ ಏಳುವಾಗ ಸಾಯುತ್ತಿತ್ತು. ಅಳಿಯನೇ ರಿಪೇರಿ ಮಾಡಿ ಭೇಷ್ ಎನ್ನಿಸಿಕೊಂಡಿದ್ದ. ಅಲ್ಲಿಂದ ತೆಗೆದ ರೋಗವನ್ನು ತಂದು ವೈನಿಗೆ ಉಡುಗೊರೆ ಕೊಟ್ಟಿದ್ದ.

ಈಗಲೇ ಹೋಗಿ ಕೇಳೋಣ ಎಂದೆ. ವೈನಿ ತಲೆ ಅಲ್ಲಾಡಿಸಿದರು. ಸಂಚಿಕೆ ಬಿಡುಗಡೆಯ ದಿನದವರೆಗೆ ಆ ವಿಷಯ ಎತ್ತಲಿಲ್ಲ. ಅವತ್ತು ಉಪ್ಪಿಟ್ಟು, ಚಹಾ ನಡೆಯುತ್ತಿದ್ದಾಗ ರಿಕ್ಷಾದಲ್ಲಿ ಕಂಪ್ಯೂಟರ್ ಹೇರಿಕೊಂಡು ಹಾಲಿಗೆ ಬಂದು, ಮೇಜಿನ ಮೇಲಿಟ್ಟು, ಆ ಪಟ್ಟಿಯನ್ನು ಮತ್ತೆ ಸಿಕ್ಕಿಸಿ, ವೈರು ಜೋಡಿಸಿ, ಚಾಲೂ ಮಾಡಿ ಮಲಗಿಸಿದರು.

"ಬರ್ರಿ ಸೇಟ್ರ. ನಿಮ್ಮ ಕೈಗುಣ ಛಲೋ. ನೀವ ಎಬ್ಬಸ್ರಿ."

ಸೇಟರು ನಗುತ್ತಲೇ ಬಂದು ಒತ್ತಿದರು. ನೀಲಿ. ವೈನಿ ಪಟ್ಟಿ ತೆಗೆದು ಮಷೀನು ಚಾಲೂ ಮಾಡಿ, ಮತ್ತೆ ಮಲಗಿಸಿದರು. ಸೇಟರು ಒತ್ತಿದರು. ಎದ್ದಿತು. ಇನ್ನೊಮ್ಮೆ ಅಂದರು ವೈನಿ. ಸೇಟರ ನಗು ಅಷ್ಟರಲ್ಲಿ ಒಣಗಿತ್ತು. ವೈನಿ ಪಟ್ಟಿಯನ್ನು ಕಾರ್ಯದರ್ಶಿಯ ಅಂಗೈಯಲ್ಲಿಟ್ಟು, "ನಿಮ್ಮ ಮನಿ ಕೂಸು ನೋಡ್ರಿ ಇದು" ಎಂದರು. ಕಾರ್ಯದರ್ಶಿ ಇನ್ನೊಂದು ಕೈಯಲ್ಲಿದ್ದ ಚಹಾ ಲೋಟದ ಚುಕ್ಕೆಯನ್ನೂ ಪಟ್ಟಿಯ ಚುಕ್ಕೆಯನ್ನೂ ನೋಡಿ, ತಲೆಯೆತ್ತಿ ಸೇಟರನ್ನು ನೋಡಿದರು.

"ಅಳಿಯನಿಗೆ ಗೊತ್ತಾಗ್ಲಿಲ್ಲ ಕಾಣ್ತದೆ," ಎಂದರು ಸೇಟರು.

"ಅಳಿಯಂದು ಬ್ಯಾಡ್ರಿ. ನಿದ್ದಿ ಯಾರಿಗಿ ಅಂದಿದ್ರಿ, ಅದನ್ನ ಹೇಳ್ರಿ."

ಸೇಟರು ನೆಲ ನೋಡಿಕೊಂಡು, ನನ್ನ ಮಾತು ತಪ್ಪಾಯ್ತು ಎಂದರು.

"ಹಿಂದ ಕುಂತವರಿಗಿ ಕೇಳಲಿಲ್ಲರೀ."

ಎರಡನೆಯ ಸಲ ಹೇಳಿದ್ದು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವರಿಗೂ ಕೇಳಿಸಿತು.

ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಸೇಟರು ಮತ್ತೆ ಕೆಲಸ ಕಳಿಸಿದರು, ವೈನಿ ಮುಟ್ಟಲಿಲ್ಲ. ಬಿಟ್ಟುಹೋದ ಗಿರಾಕಿಗಳು ಒಬ್ಬೊಬ್ಬರೇ ವೈನಿಯ ಬಾಗಿಲಿಗೆ ಬಂದರು. ಅವರ ಕಾಗದಗಳೆಲ್ಲ ಬೇರೆ ಪ್ರೆಸ್ಸಿಗೆ ಹೋದವು. ಕಲ್ಯಾಣದ ಆ ಪ್ರೆಸ್ಸಿನಲ್ಲಿ ಕನ್ನಡ ಅಚ್ಚಾಗುವುದು ಬರಬರುತ್ತಾ ನಿಂತೇಹೋಯಿತು.

ಕೊನೆಯ ವರ್ಷಗಳಲ್ಲಿ ವೈನಿ ಖಾರಘರದಲ್ಲಿ ಮಗನ ಮನೆಯಲ್ಲಿದ್ದರು. ಆಸ್ಪತ್ರೆಗೆ ನೋಡಲು ಹೋದಾಗ ನನ್ನ ಕೈ ಹಿಡಿದು, "ನನ್ನ ಕಾಗದಾ ನೀನ ಮಾಡು. ಸತ್ತ ಮ್ಯಾಲ ತಿದ್ದಾಕ ನಾ ಬರಾಂಗಿಲ್ಲ," ಎಂದರು. ಪ್ರೆಸ್ಸಿನ ಮಾತು ಎತ್ತಲಿಲ್ಲ.

ಅವರು ಹೋದ ಮೂರನೆಯ ದಿನ ಸೇಟರು ಬಂದರು. ಮುದುಕರಾಗಿದ್ದರು, ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಹದಿಮೂರನೆಯ ದಿನದ ಕಾಗದ ನಾನೇ ಅಚ್ಚು ಹಾಕಿಕೊಡುತ್ತೇನೆ, ಇದೊಂದು ಋಣ ಎಂದರು. ವೈನಿಯ ಮಗನಿಗೆ ಹಳೆಯದೇನೂ ಗೊತ್ತಿಲ್ಲ. "ಚಾಲೇಲ್ ಕಾಕಾ," ಎಂದು ಒಪ್ಪಿಯೇ ಬಿಡುತ್ತಿದ್ದ. ನಾನು ಮೆತ್ತಗಿನ ಮನುಷ್ಯ, ಯಾರ ಮೇಲೂ ಕೋಪ ಇಟ್ಟುಕೊಂಡವನಲ್ಲ. ಆದರೂ ನಡುವೆ ಬಾಯಿ ಹಾಕಿ, "ಬೇಡ ಸೇಟ್ರೇ" ಎಂದೆ. ಇವತ್ತಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಕಾಗದವನ್ನು ನಾನೇ ಜೋಡಿಸಿದೆ, ಅವರು ಕಲಿಸಿದ ಕನ್ನಡದಲ್ಲಿ, ಒಂದು ಒತ್ತಕ್ಷರವೂ ತಪ್ಪದ ಹಾಗೆ. ಠಾಣೆಯಲ್ಲಿ ಅಚ್ಚು ಹಾಕಿಸಿದೆ. ಉಳಿದವರಿಗೆಲ್ಲ ಅಂಚೆಯಲ್ಲಿ ಹೋಯಿತು. ಒಂದನ್ನು ಮಾತ್ರ ನಾನೇ ಕಲ್ಯಾಣಕ್ಕೆ ಹೋಗಿ ಸೇಟರ ಮೇಜಿನ ಮೇಲಿಟ್ಟು, ಅವರು ಅದನ್ನು ಮೊದಲಿಂದ ಕೊನೆಯವರೆಗೆ ಓದುವ ತನಕ ಎದುರಿಗೇ ನಿಂತಿದ್ದೆ.