ತಾಯಿಯ ಮುಂದೆ ಯಜಮಾನರೇ ಹಚ್ಚಿದ ದೀಪ

ತಾಯಿ ಬನಶಂಕರಿಯನ್ನು ನಂಬಿದವರೇ, ನನ್ನ ಮನೆಯ ಗಲೀಜನ್ನು ನಿಮ್ಮ ಮುಂದೆ ಹೇಳಲು ನನಗೆ ನಾಚಿಕೆಯಿಲ್ಲ. ಚೀನಾ ಯುದ್ಧದ ಮರುವರ್ಷ ನನ್ನ ಯಜಮಾನರು ಕನಕಪುರ ರಸ್ತೆಯಲ್ಲಿ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಆಸ್ಪತ್ರೆಯಿಂದ ಬಂದ ಮೇಲೆ ಮಾತು, ನಡಿಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಶುರು ಮಾಡಿದ ಒಂದು ಕೆಲಸವೂ ಮುಗಿಯುತ್ತಿರಲಿಲ್ಲ. ಮುಖಕ್ಕೆ ಸೋಪು ಹಚ್ಚಿಕೊಂಡರೆ ಅದು ಒಣಗಿ ಬಿರಿಯುವವರೆಗೂ ಹಾಗೇ ಕೂತಿರುವರು. ಬಾಯಲ್ಲಿಟ್ಟ ತುತ್ತು ಅಗಿಯದೆ ಅಂಗಿಯ ಮೇಲೆ ಸುರಿಯುವುದು. ಕಕ್ಕಸಿಗೆ ಹೋದರೆ ತೊಳೆದುಕೊಳ್ಳದೆ ಎದ್ದು ಬರುವರು. ಕಟ್ಟಿಕೊಂಡ ಗಂಡನಾದರೇನು, ಅಸಹ್ಯ ಅಸಹ್ಯವೇ. ತ್ಯಾಗರಾಜನಗರದ ನಮ್ಮ ಟೈಲರ್ ಅಂಗಡಿಯಲ್ಲಿ ಅರ್ಧ ಕತ್ತರಿಸಿದ ಬಟ್ಟೆಗಳು ರಾಶಿಬಿದ್ದವು.

"ಬುದ್ಧಿ ಎಲ್ಲೂ ಹೋಗಿಲ್ಲಮ್ಮ. ಒಂದಾದ್ಮೇಲೆ ಇನ್ನೊಂದೇನು ಅನ್ನೋದು ಹೊಳೀತಿಲ್ಲ. ನೀವು ಮಾಡ್ಕೊಡಬೇಡಿ, ಅವರ ಕೈಲೇ ಮಾಡ್ಸಿ" ಎಂದು ಡಾಕ್ಟರು ಹೇಳಿದ್ದರು. ಕೇಳುವವರು ಯಾರು? ಮೂಗು ಒರೆಸುವುದರಿಂದ ಹಿಡಿದು ಎಲ್ಲವನ್ನೂ ಅತ್ತೆಯೇ ಮಾಡುತ್ತಿದ್ದರು. ಮೈದುನ ಕರೆತಂದ ಮಂತ್ರವಾದಿ ಬೀಡಿ ನಾರುವ ಬಾಯಿಂದ ಇವರ ಮುಖಕ್ಕೆ ಉಗಿದು, ಕೊನೆಗೆ ಕೋಳಿ ಕೇಳಿದ. ಅದೂ ಆದ ಮೇಲೆ ಮೈದುನ, "ಅತ್ತಿಗೆ, ಹುಚ್ಚಾಸ್ಪತ್ರೆಗೆ ಸೇರಿಸ್ಬಿಡೋಣ. ಎಷ್ಟು ದಿನ ಅಂತ ಬಳೀತೀರಾ?" ಎಂದ. ನಾನೂ ಹೂಂ ಅಂದೆ. ರಾಹುಕಾಲದಲ್ಲಿ ನಿಂಬೆಹೋಳಿನ ದೀಪ ಹಚ್ಚುವ ಹರಕೆ ಹೊತ್ತಿದ್ದೆ. ಅದರ ಕೊನೆಯ ಮಂಗಳವಾರ ಮುಗಿಸಿ, ಮರುದಿನವೇ ಕರೆದೊಯ್ಯುವುದೆಂದಾಯಿತು.

ಆ ಮಂಗಳವಾರ ಬಸ್ಸಿನ ಮೆಟ್ಟಿಲ ಮೇಲೆಯೇ ಇವರು ಕಲ್ಲಾಗಿ ನಿಂತರು. "ಹತ್ರೀ, ಇಲ್ಲಾ ಇಳೀರೀ!" ಎಂದು ಹಿಂದಿನವರು ಬೈದರು. ನಾನೂ ಅತ್ತೆಯೂ ಎಳೆದುಕೊಂಡು ಗುಡಿ ಸೇರುವಷ್ಟರಲ್ಲಿ ಇವರ ಅಂಗಿಯ ಮೇಲೆಲ್ಲ ಜೊಲ್ಲು. ನನಗೆ ರೋಸಿಹೋಯಿತು. ಪ್ರತಿ ವಾರ ನಾನೇ ಹಿಂಡಿ ದೀಪ ಮಾಡುತ್ತಿದ್ದ ನಿಂಬೆಹೋಳನ್ನು ಇವರ ಕೈಗೆ ತುರುಕಿದೆ.

"ತಾಯಿ, ನನ್ನ ಕೈಲಿ ಇನ್ನಾಗಲ್ಲ. ನೀನೇ ನೋಡ್ಕೋ" ಎಂದು ಕಂಬಕ್ಕೊರಗಿ ಕೂತೆ.

ಇವರು ಹೋಳನ್ನು ಹಿಂಡಿದರು. ರಸ ಮೊಣಕೈವರೆಗೆ ಇಳಿಯಿತು. ಅಷ್ಟಕ್ಕೇ ನಿಂತುಬಿಟ್ಟರು. ಅತ್ತೆ ಕೈಹಾಕಲು ಹೋದಾಗ, "ಬಿಡಿ ಅತ್ತೆ" ಎಂದು ಗದರಿದೆ. ಅದೇ ಸಿಟ್ಟಿನಲ್ಲಿ ಇವರಿಗೆ, "ಹೂಂ, ಆಮೇಲೆ?" ಎಂದೆ.

ಇವರು ಹೋಳನ್ನೇ ನೋಡಿದರು. "ಸಿಪ್ಪೆ ತಿರುವ್ಬೇಕು" ಎಂದರು. ತಿರುವಿದರು, ಒಳಗು ಹೊರಗಾಗಿ ಪುಟ್ಟ ಬಟ್ಟಲಾಯಿತು.

"ಆಮೇಲೆ?"

"ಎಣ್ಣೆ."

"ಆಮೇಲೆ?"

"ಬತ್ತಿ." ಕಡ್ಡಿ ಗೀರಿದ್ದೂ ಇವರೇ. ಪೆಟ್ಟು ಬಿದ್ದಂದಿನಿಂದ ಇವರ ಕೈಯಲ್ಲಿ ಮುಗಿದ ಮೊದಲ ಕೆಲಸ ಅದು. ಅತ್ತೆ ಗೊಳೋ ಎಂದು ಅತ್ತರು. ಡಾಕ್ಟರ ಮಾತು ನನ್ನ ತಲೆಗೆ ಇಳಿದದ್ದು ಆಗ. ಇಳಿಸಿದವಳು ತಾಯಿ.

ಮರುದಿನ ಬಂದ ಮೈದುನನನ್ನು ಬಂದ ದಾರಿಯಲ್ಲೇ ಕಳಿಸಿದೆ. ಸೋಪು ಹಚ್ಚಿದರೆ "ಆಮೇಲೆ?", ತುತ್ತಿಟ್ಟರೆ "ಆಮೇಲೆ?" ವರ್ಷಗಟ್ಟಲೆ ಅದೇ ಜಪ. ಬಾಯಿ ಸೋತಿತು, ಹೇಸಿಗೆಯೂ ಪೂರ್ತಿ ಹೋಗಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಿನಿಂದ ಇವರದೇ ದನಿಯಲ್ಲಿ ಮೆಲ್ಲಗೆ "ಆಮೇಲೆ?" ಎಂದು ಕೇಳಿಸಿತು. ಹಿಂದೆಯೇ ನೀರು ಸುರಿದುಕೊಂಡ ಸದ್ದು. ಒಲೆಯ ಮುಂದೆ ಕೂತಲ್ಲಿಂದಲೇ ಗುಡಿಯ ದಿಕ್ಕಿಗೆ ಕೈಮುಗಿದೆ.

ಈ ಸಲದ ಹಬ್ಬಕ್ಕೆ ನನ್ನ ರವಿಕೆಯನ್ನು ಇವರೇ ಹೊಲಿದರು. ಅದನ್ನೇ ತೊಟ್ಟು ತಾಯಿಯ ಮುಂದೆ ನಿಂತೆ, ಆಡಿಕೊಳ್ಳುವವರು ಆಡಿಕೊಳ್ಳಲಿ. ಒಂದು ತೋಳು ಗಿಡ್ಡ, ನಿಜ. ಆದರೆ ಎರಡು ತೋಳೂ ಇವೆ, ತಾಯಿ.