ಸೆರಗಿನ ಕೊನೆಯ ಎಳೆ

ನನ್ನ ಹೊಸ ಸೀರೆಯ ಸೆರಗಿನಲ್ಲಿ ಡೈನೋಸಾರ್ ಕೂತಿತ್ತು ಎಂದರೆ ನಂಬುತ್ತೀರಾ?

ಬೆಟಗೇರಿಯ ಕೈಮಗ್ಗದ ಸೀರೆ. ಇನ್ನೂ ಒಮ್ಮೆಯೂ ಉಟ್ಟು ಘಳಿಗೆ ಮುರಿದಿರಲಿಲ್ಲ. ಶುಕ್ರವಾರ ದ್ಯಾಮವ್ವನ ಉಡಿ ತುಂಬಲು ಹೋಗುವಾಗಲೇ ಮೊದಲ ಸಲ ಉಡುತ್ತೇನೆಂದು ದೇವಿಗೆ ಮಾತು ಕೊಟ್ಟು ಕಪಾಟಿನಲ್ಲಿಟ್ಟಿದ್ದೆ. ಎಂಟನೇ ಕ್ಲಾಸಿನ ನನ್ನ ಮಗಳು ಅಕ್ಷತಾಳ ಕಣ್ಣು ಅದರ ಮೇಲೇ ಬೀಳಬೇಕೇ? ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಭೂಮಿ ಹುಟ್ಟಿದಾಗಿನಿಂದ ಇವತ್ತಿನವರೆಗಿನ ಕಥೆಯನ್ನು ಒಂದು ಸೀರೆಯ ಉದ್ದಕ್ಕೆ ತೋರಿಸುತ್ತಾಳಂತೆ.

"ಹಳೇದು ಒಯ್ಯಿ" ಎಂದೆ.

"ಹಳೇದರ ಸೆರಗು ಹರದೈತಿ ಯವ್ವಾ. ನಾವು ಇರೋದ ಸೆರಗಿನ ತುದ್ಯಾಗ. ಅದ ಇಲ್ಲಂದ್ರ ಹೆಂಗ?"

ಪಿನ್ ಚುಚ್ಚಬಾರದು, ಗೋಂದು ಹಚ್ಚಬಾರದು, ಯಾರೂ ಮುಟ್ಟಬಾರದು ಎಂದು ಆಣೆ ಮಾಡಿಸಿ ಕೊಟ್ಟೆ. (ಮಡಿ ಸೀರೆಗೂ ಇಷ್ಟು ಕಟ್ಟುನಿಟ್ಟು ಮಾಡಿದವಳಲ್ಲ.)

ಪ್ರದರ್ಶನಕ್ಕೆ ಅತ್ತೆಯವರನ್ನೂ ಕರೆದುಕೊಂಡು ಹೋದೆ. ವರಾಂಡದ ಉದ್ದಕ್ಕೂ ನನ್ನ ಸೀರೆ. ಅಕ್ಷತಾ ಕೋಲು ಹಿಡಿದು ಹೇಳುತ್ತಿದ್ದಳು, "ಸೊಂಟಕ್ಕ ಸಿಗಸೋ ತುದಿ ಐತಲ್ಲ ಅಜ್ಜಿ, ಅಲ್ಲಿ ಭೂಮಿ ಹುಟ್ಟಿದ್ದು. ಆಮ್ಯಾಲ ನೆರಿಗಿ ಪೂರಾ ಕಣ್ಣಿಗೆ ಕಾಣದಂಥಾ ಜೀವಿಗಳು ಅಷ್ಟ."

"ನೆರಿಗಿ ತುಂಬ ಬರೇ ಹುಳಾನ?" ಅತ್ತೆ ತಮ್ಮ ನೆರಿಗೆಯನ್ನೊಮ್ಮೆ ಝಾಡಿಸಿಕೊಂಡರು.

ಮೀನು, ಗಿಡಮರ, ಡೈನೋಸಾರ್ ಎಲ್ಲ ಬರುವುದು ಸೆರಗಿನಲ್ಲಿ. ನಾವು? ಸೆರಗಿನ ಕಟ್ಟಕಡೆಯ ಒಂದು ಅಡ್ಡ ಎಳೆ. ನಮ್ಮ ಮನೆತನ, ಹೊಲ, ಗೌಡಕಿ, ಜಗಳ ಎಲ್ಲ ಆ ಒಂದೇ ಎಳೆಯೊಳಗೆ!

ನನಗೇನೂ ಬೇಸರವಾಗಲಿಲ್ಲ. ಡೈನೋಸಾರ್ ಇದ್ದಾಗಲೇ ದೇವರು ನಮ್ಮನ್ನು ಕಳಿಸಿದ್ದರೆ? ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿ ಕಾಗೆ ಓಡಿಸುವುದರಲ್ಲೇ ನನಗೆ ಸಾಕಾಗುತ್ತದೆ. ಈ ಒಂದು ಉಪಕಾರಕ್ಕೇ ದಿನಾ ಎರಡು ಊದುಬತ್ತಿ ಜಾಸ್ತಿ ಹಚ್ಚಬಹುದು.

ಆದರೆ ತಡವಾಗಿ ಬಂದವರ ಗತ್ತು ನೋಡಿ. ಥೇಟ್ ಬೀಗರು! ಅಡುಗೆಯೆಲ್ಲ ಆದ ಮೇಲೆ ಬರುವುದು, ಮೊದಲ ಪಂಕ್ತಿಗೆ ಕೂಡುವುದು, ಪಲ್ಯಕ್ಕೆ ಉಪ್ಪು ಕಡಿಮೆ ಎನ್ನುವುದು. ನಮ್ಮ ಮನೆಗೆ ಇರುವೆ ಬಂದವು ಎನ್ನುತ್ತೇವಲ್ಲ, ಯಾರ ಮನೆಗೆ ಯಾರು ಬಂದದ್ದು?

ಅಷ್ಟರಲ್ಲಿ ಮುಖ್ಯ ಅತಿಥಿ ಬಂದರು. (ಟೈಮಿಗೆ ಬಂದರೆ ಬರೀ ಅತಿಥಿ. ತಡವಾದರೇ ಮುಖ್ಯ.) ಮುಂಜಾನೆಯಿಂದ ಕಾದ ಮಕ್ಕಳಿಗೆ ಬಿಸ್ಕಿಟ್, ಇವರಿಗೆ ಹಾರ, ಶಾಲು, ಗೋಡಂಬಿ. ಒಂದೊಂದೇ ನೋಡುತ್ತ ನಮ್ಮ ಸೀರೆಯ ಮುಂದೆ ನಿಂತರು.

"ಮನಷ್ಯಾ ಎಲ್ಲಿ ಅದಾನವಾ?"

"ಕಡೀ ಎಳಿ ಸರ್. ಮುಟ್ಟಬ್ಯಾಡ್ರಿ."

ಮುಟ್ಟಬೇಡ ಎಂದದ್ದನ್ನು ಮುಟ್ಟದಿದ್ದರೆ ಮನುಷ್ಯ ಹೇಗಾದಾನು? "ಇದ ಎಳಿ ಏನು?" ಎಂದು ಬೆರಳಿಟ್ಟರು. ಉಂಗುರಕ್ಕೆ ಎಳೆ ಸಿಕ್ಕಿತು. ಗಾಬರಿಯಾಗಿ ಕೈ ಜಗ್ಗಿದರು. ಈ ಅಂಚಿನಿಂದ ಆ ಅಂಚಿನವರೆಗಿನ ಎಳೆ ಸರ್ರನೆ ಬಿಚ್ಚಿ ಉಂಗುರದಲ್ಲಿ ಜೋತಾಡಿತು.

ಅಕ್ಷತಾಳ ಕಣ್ಣಲ್ಲಿ ನೀರು. ನನಗೆ ಶುಕ್ರವಾರದ ಚಿಂತೆ. ಘಳಿಗೆ ಮುರಿಯುವ ಮೊದಲೇ ಹರಿದ ಸೀರೆ ಉಟ್ಟು ದ್ಯಾಮವ್ವನ ಮುಂದೆ ಹೇಗೆ ನಿಲ್ಲಲಿ?

ಅತ್ತೆಯೊಬ್ಬರೇ ಗಟ್ಟಿಯಾಗಿದ್ದರು. "ಮನಷ್ಯಾರು ಹೋದ್ರ ಹೋಗ್ಲಿ ಬಿಡು. ಸೀರಿಗೇನರ ಆತೇನು ನೋಡವಾ ಮದ್ಲ."

ಕನ್ನಡಕ ಹಾಕಿಕೊಂಡು ನೋಡಿದೆ. ತಿರುವಿ ನೋಡಿದೆ. ದ್ಯಾಮವ್ವ ದೊಡ್ಡವಳು, ಏನೂ ಆಗಿರಲಿಲ್ಲ.

ಶುಕ್ರವಾರ ಅದನ್ನೇ ಉಟ್ಟು ಗುಡಿಗೆ ಹೋದೆ. ಓಣಿಯ ಹೆಂಗಸರೆಲ್ಲ ಸೆರಗು ಹಿಡಿದು ಹಿಡಿದು ನೋಡಿದರು, ದಡಿ ಹೊಗಳಿದರು, ಎಲ್ಲಿ ತಂದಿ ಎಂದು ಕೇಳಿದರು.

ಅದರಲ್ಲಿ ಮನುಷ್ಯರೇ ಇಲ್ಲ ಎಂಬುದು ಒಬ್ಬರ ಕಣ್ಣಿಗಾದರೂ ಬೀಳಬೇಕಿತ್ತಲ್ಲ?